ಟಬ್ಬಿನೊಳಗಿನ ಕಡಲು

ಕೆಳಗಿನ ಮನೆಯ ಹಿರಿಯರಾದ ಪ್ಯೊ ಅವರಿಗೆ,

ಮೇಲಿನ ಮನೆಯ ಹ್ಯೆ-ರಿನ್ ಮಾಡುವ ನಮಸ್ಕಾರಗಳು.

ಚಳಿಗಾಲ ಶುರುವಾದಾಗ ನೀವು ಮೇಲೆ ಬಂದು, "ಏನಮ್ಮಾ, ಮನೇಲಿ ಮಗು ಸಾಕಿದ್ದೀರೋ, ಕುದುರೆ ಕಟ್ಟಿದ್ದೀರೋ?" ಎಂದು ಕೇಳಿದಿರಿ. ಓಟದ ಸದ್ದು ಕೆಳಗೆ ಕೇಳದಿರಲೆಂದು ಅಂದೇ ನೆಲಕ್ಕೆಲ್ಲ ದಪ್ಪ ಚಾಪೆ ಹಾಸಿದೆವು. ಎರಡು ವರ್ಷದ ಮಗಳು ದಾ-ಉಮ್ ಓಡದೆ ಕೂತಿರಲೆಂದು ದಿನವೂ ಟಬ್ಬಿನಲ್ಲಿ ಕಡಲು ಮಾಡಿಕೊಡುತ್ತಿದ್ದೇನೆ. ನೀಲಿ ಬಣ್ಣ ಹಾಕಿದ ಅಕ್ಕಿಯ ಮೇಲೆ ನೆನೆಸಿದ ಕಡಲಪಾಚಿ ಹರಡಿ, ಸಾರು ಮಾಡಿ ಉಳಿದ ಕಪ್ಪೆಚಿಪ್ಪುಗಳನ್ನು ಹೂತಿಡುತ್ತೇನೆ. ಅವಳು ಹುಡುಕುತ್ತಾ ಕೂರುತ್ತಾಳೆ. ನಾನು ಎದ್ದರೆ ಅವಳೂ ಎದ್ದು ಓಡುತ್ತಾಳೆಂದು ನಾನೂ ಪಕ್ಕದಲ್ಲೇ ಕೂತಿರುತ್ತೇನೆ. ಚಮಚ ಕೆಳಗೆ ಬಿದ್ದರೂ ತುಟಿಯ ಮೇಲೆ ಬೆರಳಿಡುತ್ತೇನೆ. ನೀವು ಮತ್ತೆ ದೂರು ಹೇಳಿಲ್ಲ. ಅಷ್ಟರಮಟ್ಟಿಗೆ ಗೆದ್ದೆವು ಎಂದುಕೊಂಡಿದ್ದೆ.

ಭಾನುವಾರ ಅವಳನ್ನು ಮೊದಲ ಸಲ ಪೋಹಾಂಗ್‌ನ ಕಡಲತೀರಕ್ಕೆ ಕರೆದುಕೊಂಡು ಹೋದೆವು. ಮರಳಿನ ಮೇಲೆ ಇಳಿಸಿ, "ಓಡು ಚಿನ್ನ, ಎಷ್ಟು ಬೇಕಾದ್ರೂ ಓಡು," ಎಂದೆ. ಅವಳು ತುದಿಗಾಲಲ್ಲಿ ಸ್ವಲ್ಪ ದೂರ ನಡೆದು ನಿಂತಳು. ದೊಡ್ಡ ಅಲೆಯೊಂದು ದಡಕ್ಕೆ ಅಪ್ಪಳಿಸಿತು. ಅವಳು ತುಟಿಯ ಮೇಲೆ ಬೆರಳಿಟ್ಟುಕೊಂಡು ಆ ಅಲೆಗೆ ಹೇಳಿದಳು: "ಶ್... ಕೆಳಗೆ ತಾತ ಬೈತಾರೆ."

ನಿಮ್ಮನ್ನು ದೂರಲು ಇದನ್ನು ಬರೆಯುತ್ತಿಲ್ಲ. ಅವಳನ್ನು ಹಾಗೆ ಹೆದರಿಸಿದವಳು ನಾನೇ. ಸಂಜೆ ನೀವು ವಾಕಿಂಗ್‌ಗೆ ಹೋಗುವ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದು ನಮ್ಮ ಬಾಗಿಲಿಗೆ ಸಿಕ್ಕಿಸುತ್ತೀರಾ? ಆ ಹೊತ್ತಿನಲ್ಲಿ ನಾನೇ ಅವಳ ಮುಂದೆ ಓಡಿ ತೋರಿಸಬೇಕಾಗಿದೆ.

ಇಂತಿ,
ಹ್ಯೆ-ರಿನ್