ಬೆರಳು ತೋರಿಸಿ, ಇಡ್ಲಿ ತಿನ್ನಿ

ಕಮಲಾಕ್ಷಮ್ಮನವರಿಗೆ,

ಗೋರ್ವಾದ ಹೋಟೆಲಿನಿಂದ ಗಣಪತಿ ಉಪಾಧ್ಯನ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಇದು ಕ್ಷಮೆ ಕೇಳುವ ಪತ್ರವಲ್ಲ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು, ಸುತ್ತಿ ಬಳಸಿ ಬರೆಯಲು ಬರುವುದಿಲ್ಲ. ಮುನಿಸಿಪಾಲಿಟಿ ಚುನಾವಣೆಯ ದಿನದಿಂದ ನೀವು ಹೋಟೆಲಿಗೆ ಬರುವುದು ಬಿಟ್ಟಿದ್ದೀರಿ. ಬರಬೇಕು. ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ಎಲ್ಲ ಚೆನ್ನಾಗಿದೆ. ಫ್ಯಾಕ್ಟರಿಯ ಬೆಳಗಿನ ಶಿಫ್ಟಿನವರು ಬಂದು ಹೋಗುತ್ತಾರೆ, ದೋಸೆ ಕಲ್ಲು ಆರುವುದಿಲ್ಲ, ನನ್ನ ಮನೆಯವಳು ರುಕ್ಮಿಣಿಯ ಮಂಡಿನೋವು ಕಡಿಮೆಯಾಗಿದೆ. ಸಾಂಬಾರಿಗೆ ಸಕ್ಕರೆ ಹಾಕುವುದು ಮಾತ್ರ ತಪ್ಪಿಲ್ಲ, ಈ ಗುಜರಾತಿನ ಜನಕ್ಕೆ ಅದೇ ಬೇಕು. ನೀವು ಬ್ಯಾಂಕಿನ ವರ್ಗದ ಮೇಲೆ ಧಾರವಾಡದಿಂದ ಬಂದ ಹೊಸತರಲ್ಲಿ, ಒಂದು ಚಮಚ ಕುಡಿದು ಕೇಳಿದ್ದು ನೆನಪಿದೆ: "ಉಪಾಧ್ಯರ, ಇದು ಸಾಂಬಾರೋ ಪಾಯಸೋ? ನಾಕು ಗೋಡಂಬಿ ಹಾಕಿದ್ರ ಪ್ರಸಾದ ಅಂತ ಹಂಚಬಹುದು." ನನಗೆ ಕೋಪ ಬಂದಿತ್ತು. ಆದರೂ ಮರುದಿನದಿಂದ ನಿಮಗೆಂದು ಒಂದು ಸಣ್ಣ ಪಾತ್ರೆಯಲ್ಲಿ ಸಕ್ಕರೆ ಇಲ್ಲದ್ದು ಬೇರೆ ತೆಗೆದಿಡತೊಡಗಿದೆ. ನೀವು ಬರುವುದು ನಿಲ್ಲಿಸಿದ ಮೇಲೂ ಕೈ ರೂಢಿ ಬಿಟ್ಟಿಲ್ಲ. ಈಗ ಅದನ್ನು ನಾನೇ ತಿನ್ನುತ್ತೇನೆ. ನೀವು ಹೇಳಿದ್ದು ಸರಿ, ಇದೇ ರುಚಿ.

ಆ ದಿನದ್ದು ನನ್ನ ಕಡೆಯಿಂದಲೂ ಕೇಳಿ. ಶುರುವಿನಲ್ಲಿ ನನ್ನ ಉದ್ದೇಶ ಒಳ್ಳೆಯದೇ ಇತ್ತು. ಬೆರಳಿಗೆ ಶಾಯಿ ಇದ್ದವರಿಗೆ ಒಂದು ಕಾಫಿ ಪುಕ್ಕಟೆ ಎಂದೆ. ಕಾಫಿಯ ಆಸೆಗೆ ಬೂತಿಗೆ ಹೋದವರು ಎಷ್ಟೋ ಜನ. ಆದರೂ ಕೆಲವರು ರಜೆ ಸಿಕ್ಕಿತೆಂದು ಕಾಲು ಚಾಚಿ ಕೂತು, ಊರಿನ ಗಟಾರದ ಬಗ್ಗೆ ಭಾಷಣ ಮಾಡುತ್ತಾ ಮಸಾಲೆ ದೋಸೆ ತಿನ್ನುತ್ತಿದ್ದರು. ಓಟು ಹಾಕಿ ಬಂದಿರಾ ಎಂದರೆ, ನನ್ನೊಬ್ಬನ ಓಟಿನಿಂದ ಏನಾಗುತ್ತದೆ ಎಂದು ನಕ್ಕರು. ನನ್ನ ತಲೆ ಕೆಟ್ಟಿತು. ಹಲಗೆಯ ಮೇಲೆ ಬರೆಸಿದೆ: ಬೆರಳು ತೋರಿಸಿ, ಇಡ್ಲಿ ತಿನ್ನಿ. ಶಾಯಿ ಇಲ್ಲದವನಿಗೆ ತಿಂಡಿ ಇಲ್ಲ. ಹಿಂದೊಮ್ಮೆ ಇಲ್ಲಿ ಸರ್ಕಾರವೇ ಓಟು ಕಡ್ಡಾಯ ಮಾಡಲು ಹೊರಟು ಕೋರ್ಟು ತಡೆಯಿತಲ್ಲ, ನನ್ನ ಹೋಟೆಲಿಗೆ ಯಾವ ಕೋರ್ಟು ಬರುತ್ತದೆ ಎಂದುಕೊಂಡೆ. ಬಂತು, ಧಾರವಾಡದ್ದು.

ನೀವು ಬರುವುದಕ್ಕೆ ಸ್ವಲ್ಪ ಮುಂಚೆ ಒಬ್ಬ ಮಹಾಶಯ ಮಾರ್ಕರ್ ಪೆನ್ನಿನಲ್ಲಿ ಬೆರಳಿಗೆ ಗೀಟು ಎಳೆದುಕೊಂಡು ಬಂದಿದ್ದ. ಎರಡು ಪ್ಲೇಟ್ ತಿಂದು ಕೈ ತೊಳೆದ, ಗೀಟೂ ಹೋಯಿತು. ಅವನನ್ನು ಬೈದು ಓಡಿಸಿದ ಬಿಸಿಯಲ್ಲೇ ಬಾಗಿಲಿಗೆ ಬಂದು ನಿಂತಿದ್ದೆ. ಬರುವವರ ಬೆರಳನ್ನು ನಾನೇ ಹಿಡಿದು, ಒದ್ದೆ ಬಟ್ಟೆಯಿಂದ ಉಜ್ಜಿ ನೋಡುತ್ತಿದ್ದೆ. ಆಗ ನೀವು ಬಂದಿರಿ. ಎಡಗೈ ಸೆರಗಿನೊಳಗೆ ಇತ್ತು. ತೋರಿಸಿ ಎಂದೆ. ಎಲ್ಲರೂ ತಿನ್ನುವುದು ಬಿಟ್ಟು ನಮ್ಮನ್ನೇ ನೋಡುತ್ತಿದ್ದರು. ನಿಮ್ಮ ದನಿ ಏರಲಿಲ್ಲ.

"ತೋರ್ಸಂಗಿಲ್ಲ. ಹಾಕೀನೋ ಇಲ್ಲೋ, ಅದು ನನ್ನ ಬಟ್ಟು. ನಿಮ್ಮ ಇಡ್ಲಿ ನೀವ ಇಟ್ಕೋರಿ."

ಮೆಟ್ಟಿಲು ಇಳಿದು ಹೋದಿರಿ. ಶಾಯಿ ಇದ್ದಿದ್ದರೆ ತೋರಿಸುತ್ತಿರಲಿಲ್ಲವೇ ಎಂದು ನಾನು ಗಟ್ಟಿಯಾಗಿ ಹೇಳಿದ್ದು ನಿಮಗೆ ಕೇಳಿರಬೇಕು.

ರುಕ್ಮಿಣಿ ಒಳಗಿನಿಂದ ಬಂದು ಹಲಗೆಯನ್ನು ಕಿತ್ತಳು. "ನಿಮ್ಗ್ ತಲಿ ಸಮ ಇತ್ತಾ? ತಿಂಬುಕ್ ಬಂದವ್ರ ಹತ್ರ ಕೈ ತೋರ್ಸಿ ಅಂಬುದಾ?" ಆ ಹಲಗೆ ಈಗ ಹಿಟ್ಟಿನ ಡ್ರಮ್ಮಿನ ಮುಚ್ಚಳವಾಗಿದೆ. ಅಳತೆ ಸರಿಯಾಗಿ ಕೂತಿದೆ, ಬರಹ ಒಳಗಡೆಗೆ.

ಅವಳು ನಿಮ್ಮ ಮನೆಗೆ ಬಂದು ಹೋಗುತ್ತಿದ್ದಾಳೆಂದು ನನಗೆ ಗೊತ್ತು. ಹೋದ ವಾರ ಅವಳು ನಿಮ್ಮ ಒಂದು ಮಾತು ಹೇಳಿದಳು. ಬ್ಯಾಂಕಿನವರನ್ನು ಚುನಾವಣೆ ಕೆಲಸಕ್ಕೆ ಹಾಕುತ್ತಿದ್ದ ದಿನಗಳಲ್ಲಿ ನೀವು ಡಭೋಯಿ ಕಡೆಯ ಹಳ್ಳಿಯಲ್ಲಿ ಶಾಯಿ ಹಚ್ಚುತ್ತಾ ಕೂತಿದ್ದಿರಂತೆ. ಗಂಡ, ಮಾವ ಇಬ್ಬರೂ ಕರೆತಂದು ಒಳಗೆ ಬಿಟ್ಟ ಒಬ್ಬ ಹೆಂಗಸು ರಟ್ಟಿನ ಮರೆಯ ಹಿಂದೆ ಹೋದವಳು ಹೊರಗೇ ಬರಲಿಲ್ಲ. ಆಯಿತೇ ಎಂದು ನೀವು ಕೇಳಿದರೆ, "ಬೆಹೆನ್, ಇಲ್ಲಿ ನನ್ನನ್ನು ಯಾರೂ ನೋಡುತ್ತಿಲ್ಲ. ಇನ್ನೊಂದು ಗಳಿಗೆ ನಿಲ್ಲಲಾ?" ಅಂದಳಂತೆ. ನೀವು ನಿಲ್ಲಲು ಬಿಟ್ಟಿರಂತೆ.

ನೋಡಿದೆಯಾ, ಓಟು ಎಂಬುದು ಇಲ್ಲದಿದ್ದರೆ ಆ ಗಳಿಗೆಯೂ ಅವಳಿಗೆ ಸಿಗುತ್ತಿರಲಿಲ್ಲ, ಎಂದೆ ನಾನು. ರುಕ್ಮಿಣಿ ಬಟಾಟೆ ಸುಲಿಯುತ್ತಾ ತಲೆ ಎತ್ತದೆ ಹೇಳಿದಳು: "ಹೌದ್. ಹೊರಗ್ ಬಂದ್ ಕೂಡ್ಲೆ ನಿಮ್ಮಂಥವ್ರ್ ಬೆರಳ್ ಹಿಡ್ಕಂತ್ರಲ್ಲೆ."

ನಾನೂ ಪಕ್ಕದಲ್ಲಿ ಕೂತು ಬಟಾಟೆ ಸುಲಿಯತೊಡಗಿದೆ.

ಹಾಗೆಂದು ನನ್ನ ಮಾತು ಬಿಟ್ಟುಕೊಟ್ಟೆ ಎಂದು ತಿಳಿಯಬೇಡಿ. ಓಟಿಗೆ ಹೋಗಲೇಬೇಕು ಎಂದು ಈಗಲೂ ಹೇಳುತ್ತೇನೆ. ಈ ಊರಿನಲ್ಲಿ ಇಷ್ಟು ವರ್ಷ ದೋಸೆ ಹೊಯ್ದರೂ ಕೆಲವರಿಗೆ ನಾನು "ಏ ಮದ್ರಾಸಿ". ಹಾಗೆ ಕರೆಯುವ ಫ್ಯಾಕ್ಟರಿ ಶೇಠ್ ಆವತ್ತು ಕ್ಯೂನಲ್ಲಿ ನನ್ನ ಬೆನ್ನ ಹಿಂದೆ ನಿಂತು ಬೆವರು ಒರೆಸಿಕೊಳ್ಳುತ್ತಿದ್ದ. ಒಳಗೆ ನನ್ನ ಹೆಸರನ್ನು ನನ್ನ ಅಪ್ಪನ ಹೆಸರಿನ ಸಮೇತ ಗಟ್ಟಿಯಾಗಿ ಓದಿದರು. ಗುಜರಾತಿನಲ್ಲಿ ನನ್ನ ಅಪ್ಪನ ಹೆಸರು ಕೇಳಿಸುವುದು ಆ ಒಂದು ಕೋಣೆಯಲ್ಲಿ ಮಾತ್ರ. ಅದನ್ನು ಬಿಟ್ಟು ಮನೆಯಲ್ಲಿ ಮಲಗುವವರನ್ನು ಕಂಡರೆ ನನಗೆ ಉರಿಯುತ್ತದೆ, ಏನು ಮಾಡಲಿ? ಉರಿಯಲಿ. ಉರಿಯುವುದು ನನ್ನ ಹೊಟ್ಟೆ. ಬೆರಳು ಅವರದು.

ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಕೇಳುತ್ತೀರಿ. ಮರುದಿನವೇ ಬರೆಯಬಹುದಿತ್ತು. ಆದರೆ ಆಗ ನೀವು ಬಂದಿದ್ದರೆ ಕೈಯನ್ನು ಸೆರಗಿನೊಳಗೇ ಇಟ್ಟುಕೊಂಡು ಒಂದೇ ಕೈಯಲ್ಲಿ ತಟ್ಟೆ, ಲೋಟ ಎಲ್ಲ ಸಂಭಾಳಿಸಬೇಕಿತ್ತು. ನಾನು ಎಷ್ಟು ಬೇಡವೆಂದರೂ ನನ್ನ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ನನ್ನ ಗುಣ ನನಗೆ ಗೊತ್ತಿಲ್ಲವೇ? ಅದಕ್ಕೆ ನನ್ನ ಉಗುರನ್ನೇ ನೋಡುತ್ತಾ ಕೂತೆ. ಬುಡದಲ್ಲಿದ್ದ ಶಾಯಿ ನಿಧಾನವಾಗಿ ಮೇಲೇರಿ ತುದಿಗೆ ಬಂತು. ಇವತ್ತು ಬೆಳಗ್ಗೆ ಉಗುರು ತೆಗೆದೆ, ಕೊನೆಯ ಕಲೆಯೂ ಹೋಯಿತು. ಈಗ ನನ್ನ ಬೆರಳೂ ಬಿಳಿ. ನಿಮ್ಮದು ಅಂದು ಹೇಗಿತ್ತೋ, ಇಂದು ನನ್ನದರ ಹಾಗೆಯೇ ಇದೆ. ನೋಡಿದರೂ ಯಾರಿಗೂ ಏನೂ ತಿಳಿಯುವುದಿಲ್ಲ.

ಎರಡೂ ಕೈ ಮೇಜಿನ ಮೇಲೆ ಇಟ್ಟು ತಿನ್ನಬಹುದು, ಬನ್ನಿ.

ದೇವರು ನಿಮಗೆ ನಮ್ಮ ಮೆಟ್ಟಿಲು ಹತ್ತುವಷ್ಟು ಕಾಲಿನ ಬಲವನ್ನೂ, ನನಗೆ ಬಾಯಿ ಮುಚ್ಚಿಕೊಂಡಿರುವಷ್ಟು ಬುದ್ಧಿಯನ್ನೂ ಕೊಡಲಿ. ನಿಮ್ಮದು ಬೇಗ ಕೊಟ್ಟಾನು.

ಸಕ್ಕರೆ ಹಾಕದ ಸಾಂಬಾರಿನ ಪಾತ್ರೆ ಮುಚ್ಚಿಟ್ಟುಕೊಂಡು,
ಗಣಪತಿ ಉಪಾಧ್ಯ