‘ಇಲ್ರೀ’ ಎಂದ ಮನೆ

ಇಸವಿ ೨೨೧೪, ಉರಿಮಾಸದ ಮೂವತ್ತನಾಲ್ಕನೆಯ ದಿನ.

ಜೈಲಿನ ಬಾಗಿಲಲ್ಲಿ ಬುತ್ತಿ ಹಿಡಿದು ಸಾಲಿನಲ್ಲಿ ನಿಂತಿರುವ ಹಿಂದಿನ ಕಾಲದ ಅಕ್ಕಂದಿರಿಗೆ, ಕೆಂಗಲ್ಲು ಸೆರೆಮನೆಯ ಜೊತೆಗಾರ್ತಿ ನೀಲವ್ವ ಮಾಡುವ ನಮಸ್ಕಾರ. ತಾರೀಖು ಕಂಡು ಗಾಬರಿಯಾಗಬೇಡಿ. ಬಿಸಿಲಿಗೆ ಹನ್ನೆರಡು ತಿಂಗಳು ಸಾಲದೆ, ಮೇ ಮತ್ತು ಜೂನ್ ನಡುವೆ ನಾವು ಮೂವತ್ತೊಂದಕ್ಕೂ ಮುಗಿಯದ ಇನ್ನೊಂದನ್ನು ತುರುಕಿದ್ದೇವೆ. ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾಳೆ ಆರು ವರ್ಷದ ಮಗುವೊಂದನ್ನು ತಾಯಿಯಿಂದ ಬಿಡಿಸಿಕೊಂಡು ಹೋಗುತ್ತಾರೆ. ಅದಕ್ಕೆ ಕಾರಣ ನಾನು ಹೇಳಿಕೊಟ್ಟ ಒಂದೇ ಒಂದು ಮಾತು.

ಜೊತೆಗಾರ್ತಿ ಎಂದರೆ, ಒಬ್ಬರು ಒಳಗೆ ಹೋದಾಗ ಹೊರಗುಳಿದವರ ಜೊತೆ ಇರಲು ಸರಕಾರ ನೇಮಿಸಿದವಳು. ಭೇಟಿಯ ದಿನ ಎಂಥ ಸೀರೆ ಉಟ್ಟರೆ ತಪಾಸಣೆಯ ಬಾಗಿಲು ಕಿರುಚುವುದಿಲ್ಲ, ಹೋಳಿಗೆಯನ್ನು ಎಷ್ಟು ಚೂರು ಮಾಡಿದರೆ ಒಳಗೆ ಬಿಡುತ್ತಾರೆ, ಗಾಜಿನಾಚೆ ಗಂಡನ ಮುಖ ಕಂಡಾಗ ಅಳು ಹೇಗೆ ನುಂಗಬೇಕು, ಎಲ್ಲ ಹೇಳಿಕೊಡುತ್ತೇನೆ. ದುರಗವ್ವನಿಗೂ ಹೇಳಿಕೊಟ್ಟೆ. ಅವಳ ಗಂಡ ಫಕೀರಪ್ಪ ಹನ್ನೊಂದು ವರ್ಷದ ಶಿಕ್ಷೆಗೆ ಹೋದ ವಾರ, ಓಣಿಯವರ ಕುಹಕಕ್ಕೆ ಹೆದರಿ ಅವಳು ನೀರು ತರಲೂ ಹೊರಬರುತ್ತಿರಲಿಲ್ಲ. ಆಗ ನಾನೇ, ಮಹಾ ಬುದ್ಧಿವಂತೆ, ಪಕ್ಕದಲ್ಲಿ ಕೂತು ಹೇಳಿದೆ: “ಯಾರರ ಕೇಳಿದ್ರ ಜೈಲು ಅನ್ನಬ್ಯಾಡವ್ವಾ. ಇಲ್ರೀ ಅಂದುಬಿಡು, ಸಾಕು.”

ನಮ್ಮ ಕಾಲದ ಪ್ರತಿ ಬಾಗಿಲಿಗೂ ಕೇಳುಪೆಟ್ಟಿಗೆ ಇದೆ. ವರ್ಷಕ್ಕೊಮ್ಮೆ ಮನೆಯಲ್ಲಿ ಯಾರಿದ್ದಾರೆಂದು ಕೇಳಿ ದಾಖಲಿಸುತ್ತದೆ. ಅದು “ಯಜಮಾನರು ಇದ್ದಾರೆಯೇ?” ಎಂದಾಗ ಓಣಿಯ ಹೆಂಗಸರೆಲ್ಲ ಕಟ್ಟೆಯ ಮೇಲೆ ಕಿವಿ ನಿಮಿರಿಸಿ ಕೂತಿದ್ದರು. ದುರಗವ್ವ “ಇಲ್ರೀ” ಎಂದಳು. ಸಂತೆಗೆ ಹೋದವನೂ ‘ಇಲ್ಲ’, ಸತ್ತವನೂ ‘ಇಲ್ಲ’. ಯಾವ ‘ಇಲ್ಲ’ ಎಂಥದೆಂದು ನಮಗೆ ದನಿಯಲ್ಲೇ ತಿಳಿಯುತ್ತದೆ. ಆ ಹಾಳು ಪೆಟ್ಟಿಗೆಗೆ ಎಲ್ಲಿಂದ ತಿಳಿಯಬೇಕು? ಫಕೀರಪ್ಪ ಸತ್ತನೆಂದು ಬರೆದುಕೊಂಡಿತು.

ಮುಂದಿನ ಭೇಟಿಗೆ ಹೋದರೆ ಸೆರೆಮನೆಯ ಬಾಗಿಲು ತೆರೆಯಲೇ ಇಲ್ಲ. ವಿಧವೆಗೆ ಗಂಡನ ಭೇಟಿ ಇಲ್ಲವಂತೆ! ಒಳಗೆ ಜೀವಂತ ಇದ್ದಾನಲ್ಲ ಎಂದರೆ, ಒಳಗಿರುವವನು ಕೈದಿ, ನಿಮ್ಮ ಗಂಡ ತೀರಿಕೊಂಡಿದ್ದಾರೆ ಎಂಬ ಉತ್ತರ. ತಪ್ಪು ತಿದ್ದಬೇಕಾದರೆ ಫಕೀರಪ್ಪನೇ ಬಂದು ತನ್ನ ಮನೆಯ ಬಾಗಿಲಲ್ಲಿ ನಿಂತು ‘ಇದ್ದೇನೆ’ ಎನ್ನಬೇಕು. ಹದಿನಾಲ್ಕು ತಿಂಗಳು ನಾನು ಅರ್ಜಿ ಹಿಡಿದು ಅಲೆದೆ. ಚಪ್ಪಲಿ ಸವೆದದ್ದಷ್ಟೇ.

ಇಷ್ಟು ದಿನ ಯಾರೂ ಯಾಕೆ ಬರಲಿಲ್ಲವೆಂದು ಒಳಗೆ ಅವನಿಗೆ ಯಾರೂ ಹೇಳಲಿಲ್ಲ. ಹೋದ ವಾರ ಸೆರೆಮನೆಯ ಪೆಟ್ಟಿಗೆ ಅವನನ್ನೂ ಕೇಳಿತು, ಹೆಂಡತಿ ಇದ್ದಾರೆಯೇ ಎಂದು. “ಇಲ್ರೀ. ನನಗ್ಯಾರೂ ಇಲ್ಲ” ಎಂದನಂತೆ. ಈಗ ದಾಖಲೆಯಲ್ಲಿ ದುರಗವ್ವನೂ ಸತ್ತಿದ್ದಾಳೆ, ಮಗಳು ಸಂಗವ್ವ ತಬ್ಬಲಿಯಾಗಿದ್ದಾಳೆ. ನಾಳೆ ಒಂಬತ್ತಕ್ಕೆ ತಬ್ಬಲಿಗಳ ಗಾಡಿ ಬರುತ್ತದೆ. ಮಗುವಿನ ಬಟ್ಟೆ ಕಟ್ಟಿಕೊಡುವುದೂ ಜೊತೆಗಾರ್ತಿಯ ಕೆಲಸವೇ. ಕಟ್ಟಿದ್ದೇನೆ, ಕೈಗೆ ಬೆಂಕಿ ಬೀಳಲಿ. ದುರಗವ್ವ ಮಧ್ಯಾಹ್ನದಿಂದ ಪೆಟ್ಟಿಗೆಯ ಮುಂದೆ ನಿಂತು “ನಾ ಅದೀನ್ರೀ, ಅದೀನ್ರೀ” ಎನ್ನುತ್ತಿದ್ದಾಳೆ. ಸತ್ತವರ ದನಿಯನ್ನು ಅದು ದಾಖಲಿಸುವುದಿಲ್ಲ.

ಅಕ್ಕಂದಿರೇ, ನಿಮ್ಮ ಬಾಗಿಲಿಗೆ ಬಂದು ಕೇಳುವವರು ಇನ್ನೂ ಮನುಷ್ಯರು. ನಾಚಬೇಡಿ, ಜೈಲಿನಲ್ಲಿ ಇದ್ದಾರೆ ಎಂದೇ ಹೇಳಿ, ಓಣಿಗೆಲ್ಲ ಕೇಳುವಂತೆ ಹೇಳಿ. ನೀವು ಹೇಳಿದರೂ ಆ ರೂಢಿ ನಮ್ಮ ಕಾಲದವರೆಗೆ ತಲುಪುತ್ತದೆಂಬ ನಂಬಿಕೆ ನನಗಿಲ್ಲ. ಆದರೂ ಕೇಳಿಕೊಳ್ಳುತ್ತಿದ್ದೇನೆ.

ಸಂಗವ್ವ ಬಂದು ನನ್ನ ಸೆರಗು ಎಳೆಯುತ್ತಿದ್ದಾಳೆ. ನಾಳೆ ಹೋದ ಕಡೆ “ನಿಮ್ಮವ್ವ ಇದ್ದಾಳೇನು?” ಎಂದು ಕೇಳಿದರೆ ಏನನ್ನಬೇಕು, ಹೇಳಿಕೊಡು ಎನ್ನುತ್ತಿದ್ದಾಳೆ.