ಹುರುಳಿ ಹಾಸಿದ ತಿರುವು

ಕೊಟ್ಟೂರು
7-1-2008, ಸೋಮವಾರ

ಪ್ರೀತಿಯ ಮಗ ಗಂಗಾಧರ,

ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಹೊಸಪೇಟೆಯ ಧೂಳಿಗೆ ಕೆಮ್ಮು ಹೆಚ್ಚಾಯಿತೇ? ನಾವಿಬ್ಬರೂ ಚೆನ್ನಾಗಿದ್ದೇವೆ ಎಂದು ಬರೆಯಬೇಕು, ಆದರೆ ಹಾಗೆ ಬರೆದ ಎರಡು ಹಾಳೆ ಹರಿದು ಹಾಕಿದೆ.

ಬೆಳಿಗ್ಗೆ ಕೂಡ್ಲಿಗಿ ರಸ್ತೆಯ ತಿರುವಿನಲ್ಲಿ ಹುಲುಗಣ್ಣನ ಜೀಪು ಜಾರಿ ಬೇವಿನ ಮರಕ್ಕೆ ಬಡಿಯಿತು. ಗಾಡಿಗಳು ತುಳಿದು ಕಾಳು ಉದುರಲಿ ಎಂದು ಎಂದಿನಂತೆ ಜನ ರಸ್ತೆ ತುಂಬ ಹುರುಳಿ ಹಾಸಿದ್ದರು. ಹುಲುಗಣ್ಣ ನನ್ನ ಲಾರಿಯಲ್ಲೇ ಸ್ಟೇರಿಂಗ್ ಹಿಡಿಯಲು ಕಲಿತವನು. ನಾನು ಕಲಿಸಿದ ಹಾಗೆಯೇ ತಿರುಗಿಸಿದನಂತೆ. ಗಾಡಿ ಮಾತು ಕೇಳಲಿಲ್ಲ. ಕಾಲು ಮುರಿದಿದೆ. ಹುರುಳಿ ಹರವುತ್ತಿದ್ದ ಭರಮಮ್ಮ ಸ್ವಲ್ಪದರಲ್ಲಿ ಉಳಿದಳು. ಅವನನ್ನು ಎತ್ತಿ ಮಲಗಿಸುವಾಗ "ನೀವು ಹೇಳಿದಂಗ ಮಾಡಿದ್ನಲ್ರಿ ಗಾದೆಪ್ಪಣ್ಣ" ಎಂದ. ಅದು ಇನ್ನೂ ಕಿವಿಯಲ್ಲಿದೆ.

ಶುಕ್ರವಾರ ನೀನು ಕೆಲಸಕ್ಕಿರುವ ಸಾಹುಕಾರರ ಹೊಸ ಕಾರು ತಂದು ನನ್ನನ್ನು ಕೂಡಿಸಿಕೊಂಡು ಹೋದೆಯಲ್ಲ, ಅದೇ ತಿರುವಿನಲ್ಲಿ ನಾವೂ ಜಾರಿದೆವು. ನಾನು ದೇವರನ್ನು ನೆನೆಯುವಷ್ಟರಲ್ಲಿ ಸ್ಟೇರಿಂಗ್ ಮುಂದಿನ ಮೀಟರಿನಲ್ಲಿ ಹಳದಿ ದೀಪ ಮಿಣುಕಿತು, ಕಾರು ತಾನೇ ನೆಟ್ಟಗಾಯಿತು. "ನಾನೇನೂ ಮಾಡ್ಲಿಲ್ಲಪ್ಪ, ಗಾಡೀನೇ ಬೇಕಾದ ಗಾಲಿಗೆ ಬ್ರೇಕ್ ಹಾಕ್ಕಂತೈತಿ" ಎಂದು ನೀನು ನಕ್ಕೆ. ನನಗೆ ಮೈಯೆಲ್ಲ ಉರಿಯಿತು. ಮೂವತ್ತೊಂದು ವರ್ಷ ಲಾರಿ ಓಡಿಸಿದವನ ಮಗನಿಗೆ ಒಂದು ಕಾರು ಬುದ್ಧಿ ಹೇಳಬೇಕೇ? "ಲೇ, ನಿನ್ನ ಕೈಯಾಗ ಗಾಡಿ ಐತೋ, ಗಾಡಿ ಕೈಯಾಗ ನೀನಿದಿಯೋ?" ಎಂದು ರೇಗಿದೆ.

ಮರುದಿನ ನೀನು ಹೊರಡುವಾಗ ಆ ದೀಪ ಆರದೆ ಉರಿಯುತ್ತಲೇ ಇತ್ತು. ಯಾಕೆ ಎಂದು ನೀನು ಕೇಳಿದೆ. "ಎಲ್ಲೋ ವೈರು ಸಡಿಲಾಗಿರತೈತಿ, ಹೋಗು" ಎಂದವನು ನಾನೇ. ಈಗ ಅಂಗಡಿಯ ಕಾಯಿನ್ ಫೋನಿನಿಂದ ಮಾತಾಡುವಾಗ ಸುತ್ತ ಜನ ನಿಂತಿದ್ದರು, "ನಾಳಿ ಎಳ್ಳಮಾವಾಸಿ, ಗಾಡಿ ತೆಗಿಬ್ಯಾಡ" ಎಂದಷ್ಟೇ ಹೇಳಿದೆ. ನೀನು ನಕ್ಕುಬಿಟ್ಟೆ. ಅಮಾವಾಸ್ಯೆಯ ಮಾತಲ್ಲ ಮಗಾ, ನನಗೆ ಭಯವಾಗಿದೆ. ನಾಳೆ ಸಾಹುಕಾರರ ಮಕ್ಕಳನ್ನು ಹರಪನಹಳ್ಳಿಗೆ ಕರೆದೊಯ್ಯುತ್ತೀಯಂತೆ. ದಾರಿಯುದ್ದಕ್ಕೂ ಹುರುಳಿ ಹಾಸಿದ್ದಾರೆ. ಆ ದೀಪ ಆರುವ ತನಕ ಕಾರು ಶೆಡ್ಡಿನಿಂದ ಹೊರಬರುವುದೇ ಬೇಡ. ನಿನ್ನ ಕಾಲಿಗೆ ಬೀಳುತ್ತೇನೆ ಎಂದು ಅಪ್ಪ ಬರೆಯಬಾರದು, ಆದರೂ ಬರೆಯುತ್ತಿದ್ದೇನೆ.

ಅವ್ವ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕಟ್ಟಿದ್ದಾಳೆ. ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಪಾಲಾಕ್ಷಪ್ಪನ ಕೈಯಲ್ಲಿ ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ಗುರು ಕೊಟ್ಟೂರೇಶ್ವರ ನಿನ್ನನ್ನು ಕಾಯಲಿ.

ನಿನ್ನ ಅಪ್ಪ,
ಗಾದೆಪ್ಪ

ತಾ.ಕ.: ಬಸ್ಸು ಹಾರನ್ ಹೊಡೆಯುತ್ತಿದೆ. ರೊಟ್ಟಿ ಗಂಟಿನಲ್ಲಿ ಒಂದು ಬೆಂಕಿಪೊಟ್ಟಣ ಇದೆ. ಅದರಲ್ಲಿರುವುದು ಕಾರನ್ನು ನೆಟ್ಟಗೆ ಮಾಡುವ ಆ ಯಂತ್ರದ ಫ್ಯೂಸು. ವೈರು ಸಡಿಲಾಗಿರಲಿಲ್ಲ. ಅದು ಯಾವುದೆಂದು ನಾನು ಕೇಳಿದಾಗ ನೀನೇ ತೋರಿಸಿದ್ದೆಯಲ್ಲ. ಶುಕ್ರವಾರ ನೀನು ಉಂಡು ಮಲಗಿದಾಗ ನಾನೇ ಕಿತ್ತೆ. ಮಗ ತನ್ನ ಕೈಯಿಂದಲೇ ಗಾಡಿ ಓಡಿಸಲಿ ಎಂದು. ಮೆಕ್ಯಾನಿಕ್ ಕೇಳಲಿ, ಸಾಹುಕಾರರೇ ಕೇಳಲಿ, ನನ್ನ ಹೆಸರು ಹೇಳು. ಅವ್ವನಿಗೆ ಮಾತ್ರ ಹೇಳಬೇಡ.